ತಂತಿ ಬಂದಿತು, ಅಕ್ಷರ ತಡವಾಯಿತು

ನೂತನ ಸಾಧನವೊಂದು ಸಮಾಜಕ್ಕೆ ಬಂದಾಗ ಅದರ ವೇಗವೆಷ್ಟು, ಬೆಲೆಯೆಷ್ಟು ಎಂದು ಕೇಳುವುದು ಲೋಕರೂಢಿ. ಅದು ಯಾರ ನುಡಿಯನ್ನು ಹೊತ್ತು ತಂದಿತು ಎಂದು ಕೇಳುವವರು ವಿರಳ. ದೂರವಾಣಿಯ ತಂತಿಯ ಮೂಲಕ ಗಣಕಯಂತ್ರಗಳು ಪರಸ್ಪರ ಸಂಭಾಷಿಸಲಾರಂಭಿಸಿದ ಕಾಲವನ್ನು ಈ ದೃಷ್ಟಿಯಿಂದ ನೆನೆಯುವುದು ವಿದ್ಯಾಸಂಸ್ಥೆಯ ಸಂಚಿಕೆಯೊಂದರಲ್ಲಿ ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ.

ಗಣಕಯಂತ್ರಕ್ಕೆ ಗೊತ್ತಿರುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಸಂಕೇತಗಳು. ಅಂದಿನ ದೂರವಾಣಿ ತಂತಿಗೆ ಗೊತ್ತಿದ್ದುದು ಧ್ವನಿಯೊಂದೇ. ಇವೆರಡರ ನಡುವೆ ದುಭಾಷಿಯಾಗಿ ನಿಂತದ್ದು ಮೋಡೆಮ್ ಎಂಬ ಪುಟ್ಟ ಪೆಟ್ಟಿಗೆ. ಈ ತುದಿಯಲ್ಲಿ ಸಂಕೇತವನ್ನು ಧ್ವನಿಯಾಗಿಸಿ, ಆ ತುದಿಯಲ್ಲಿ ಧ್ವನಿಯನ್ನು ಮರಳಿ ಸಂಕೇತವಾಗಿಸುವುದೇ ಅದರ ಕೆಲಸ. ಸಂಪರ್ಕ ದೊರೆತೊಡನೆ ಕೇಳಿಬರುತ್ತಿದ್ದ ಆ ಕರ್ಕಶ ಧ್ವನಿ, ಎರಡು ಯಂತ್ರಗಳು ತಮ್ಮ ವೇಗವನ್ನು ಗೊತ್ತುಪಡಿಸಿಕೊಳ್ಳುತ್ತಿದ್ದ ಮಾತುಕತೆಯೇ ಆಗಿತ್ತು. 1978ರಲ್ಲಿ ಶಿಕಾಗೋ ನಗರದ ಇಬ್ಬರು ಹವ್ಯಾಸಿಗಳು, ಯಾರು ಬೇಕಾದರೂ ಕರೆಮಾಡಿ ಓದಿ ಬರೆಯಬಹುದಾದ ಸೂಚನಾಫಲಕವೊಂದನ್ನು ಈ ಬಗೆಯಲ್ಲಿ ನಡೆಸಿದರು. ಫ್ರಾನ್ಸ್ ದೇಶವಂತೂ 1982ರಿಂದ ಮಿನಿಟೆಲ್ ಎಂಬ ಯಂತ್ರವನ್ನು ಮನೆಮನೆಗೆ ತಲುಪಿಸಿ, 2012ರವರೆಗೆ ತನ್ನದೇ ನುಡಿಯಲ್ಲಿ ಆ ಸೇವೆಯನ್ನು ನಡೆಸಿತು.

ಭಾರತದಲ್ಲಿ ತಂತಿಯ ಕಥೆ ಕನ್ನಡನಾಡಿಗೆ ಹೆಮ್ಮೆ ತರುವಂಥದು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು, ಹಳ್ಳಿಯ ಧೂಳಿಗೂ ಸೆಕೆಗೂ ಅಂಜದೆ, ಹವಾನಿಯಂತ್ರಣದ ಹಂಗಿಲ್ಲದೆ ದುಡಿಯಬಲ್ಲ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರವನ್ನು ರೂಪಿಸಿ, ಮೊದಲನೆಯದನ್ನು 1986ರಲ್ಲಿ ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ ಸ್ಥಾಪಿಸಿತು. ಅದೇ ವರ್ಷ ಆರಂಭವಾದ ಅರ್ನೆಟ್ ಎಂಬ ವಿದ್ವತ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುಗೊಂಡಿತ್ತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಕೆಲವೇ ಮಹಾನಗರಗಳಲ್ಲಿ ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆಯಿತು. ವರ್ಷಕ್ಕೆ 250 ಗಂಟೆಗಳ ಬಳಕೆಗೆ ವ್ಯಕ್ತಿಯೊಬ್ಬನು ತೆರಬೇಕಾದುದು 5,000 ರೂಪಾಯಿ. ಕರೆಯ ವೆಚ್ಚ ಬೇರೆ. ಕಲ್ಲುಗುಂಡಿಯಂತಹ ಊರಿನವರಿಗೆ ಎಸ್.ಟಿ.ಡಿ. ಕರೆಯಲ್ಲದೆ ಗತ್ಯಂತರವಿರಲಿಲ್ಲ.

ಆ ಕಾಲದ ವೇಗ ಸೆಕೆಂಡಿಗೆ 9,600 ಸಂಕೇತಗಳು. ಅಕ್ಷರಗಳಾದರೆ ಸುಮಾರು 960 ಸಾಗುತ್ತಿದ್ದವು, ಚಿತ್ರವಾದರೆ ತೆವಳುತ್ತಿತ್ತು. ಹೀಗಾಗಿ ಆ ತಂತಿ ಮುಖ್ಯವಾಗಿ ಅಕ್ಷರದ ವಾಹನವಾಗಿತ್ತು. ಆದರೆ ಆ ಅಕ್ಷರವು ರೋಮನ್ ಅಕ್ಷರ ಮಾತ್ರ! ಯಂತ್ರಗಳು ಒಪ್ಪಿಕೊಂಡಿದ್ದ ಆಸ್ಕಿ ಎಂಬ ಸಂಕೇತಪಟ್ಟಿಯಲ್ಲಿದ್ದ 128 ಸ್ಥಾನಗಳಲ್ಲಿ ಕನ್ನಡಕ್ಕೆ ಒಂದೂ ಇರಲಿಲ್ಲ. ಪರದೇಶದಲ್ಲಿ ಓದುತ್ತಿದ್ದ ಮಗ ತಾಯ್ನುಡಿಯಲ್ಲಿ ನಾಲ್ಕು ಮಾತು ಬರೆಯಬೇಕಾದರೂ ಪರಲಿಪಿಯ ಮೊರೆಹೋಗಬೇಕಾಯಿತು. ಅಲ್ಲಿ ಕಲೆಯೂ ಕಳೆಯೂ ಒಂದಾದವು; ಮನೆಗೂ ಮಣೆಗೂ ಭೇದವಳಿಯಿತು.

ಈ ಕೊರತೆಯನ್ನು ನೀಗಿದವರು ಯಾರು? ಲಿಪಿಯ ಮರ್ಮವನ್ನೂ ಯಂತ್ರದ ಮರ್ಮವನ್ನೂ ಬಲ್ಲವರು. ನಮ್ಮ ಜಿಲ್ಲೆಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ವ್ಯಂಜನದ ಮೇಲೆ ಸ್ವರ ಸೇರಿ ಗುಣಿತವಾಗುವ, ವ್ಯಂಜನಕ್ಕೆ ವ್ಯಂಜನ ಸೇರಿ ಒತ್ತಕ್ಷರವಾಗುವ ವ್ಯಾಕರಣಕ್ರಮವನ್ನೇ ಕೀಲಿಮಣೆಗೆ ಅಳವಡಿಸಿದರು. ತಮ್ಮ ತಂತ್ರಾಂಶಕ್ಕೆ ಅವರಿಟ್ಟ ಹೆಸರು ‘ಸೇಡಿಯಾಪು’. ಛಂದಸ್ಸು, ಶಬ್ದಾರ್ಥಗಳ ವಿಚಾರದಲ್ಲಿ ಪ್ರಮಾಣಪುರುಷರಾದ ಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ನೆನಪು ಅದು. ಪಾಂಡಿತ್ಯಕ್ಕೂ ಯಂತ್ರಕ್ಕೂ ವೈರವೆಂದು ನುಡಿಯುವವರಿಗೆ ಇದಕ್ಕಿಂತ ಉತ್ತರ ಬೇಕಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. 1991ರಲ್ಲೇ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ ದೊರೆತಿದ್ದ ಸ್ಥಾನವು ಕಾಲಕ್ರಮದಲ್ಲಿ ಎಲ್ಲ ಯಂತ್ರಗಳಿಗೂ ವ್ಯಾಪಿಸಿತು.

ಇಂದು ಅಡ್ಡಿಯೊಂದೂ ಉಳಿದಿಲ್ಲ. ಆದರೂ ನಮ್ಮ ವಿದ್ಯಾರ್ಥಿಗಳು, ಅಷ್ಟೇಕೆ, ಅನೇಕ ಅಧ್ಯಾಪಕರೂ, ಕೈಯಲ್ಲಿನ ದೂರವಾಣಿಯಲ್ಲಿ ಕನ್ನಡವನ್ನು ರೋಮನ್ ಲಿಪಿಯಲ್ಲಿಯೇ ಬರೆಯುತ್ತಿದ್ದಾರೆ. ಅಂದು ಅನಿವಾರ್ಯವಾಗಿದ್ದುದು ಇಂದು ಅಭ್ಯಾಸವಾಗಿದೆ. ಇದನ್ನು ಸಣ್ಣ ಸಂಗತಿಯೆಂದು ಕಡೆಗಣಿಸಲಾಗದು. 2018ರ ಆಗಸ್ಟಿನಲ್ಲಿ ನೆರೆಯ ಜೋಡುಪಾಲದಲ್ಲಿ ಗುಡ್ಡ ಕುಸಿದು ಹೆದ್ದಾರಿ ಕಡಿದುಹೋದುದನ್ನು ಕಲ್ಲುಗುಂಡಿಯವರು ಮರೆತಿಲ್ಲ. ಅಂತಹ ಗಳಿಗೆಯಲ್ಲಿ ಬರುವ ಸುದ್ದಿಯು ಮನೆಯ ಅಜ್ಜಿಯೂ ಓದಬಲ್ಲ ಅಕ್ಷರದಲ್ಲಿರಬೇಕಲ್ಲವೆ?

ಶರಣರ ವಚನಗಳು ಓಲೆಗರಿಯಲ್ಲಿಯೇ ಸವೆದುಹೋಗಬಾರದೆಂದು ಫ.ಗು. ಹಳಕಟ್ಟಿಯವರು ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಸ್ವಂತ ಮುದ್ರಣಾಲಯವನ್ನೇ ಹೂಡಿದರು. ಹೊಸ ಸಾಧನವು ನುಡಿಯ ಬಳಿಗೆ ತಾನಾಗಿ ಬರಲೆಂದು ಕಾದು ಕುಳಿತವರಲ್ಲ ಅವರು. ಆ ಪರಂಪರೆಗೆ ಸೇರಿದ ವಿದ್ಯಾಸಂಸ್ಥೆಗಳು ಗಣಕಯಂತ್ರದ ಕೋಣೆಯನ್ನು ಇಂಗ್ಲಿಷಿನ ಸೊತ್ತೆಂದು ಬಿಟ್ಟುಕೊಡುವುದು ಶೋಭಿಸದು.

ಆದುದರಿಂದ ನನ್ನ ಬಿನ್ನಹವಿಷ್ಟು. ಪ್ರೌಢಶಾಲೆಯಲ್ಲಿ ವಾರಕ್ಕೊಂದು ಅವಧಿಯನ್ನಾದರೂ ಕನ್ನಡದ ಅಧ್ಯಾಪಕರೇ ಗಣಕದ ಮುಂದೆ ನಡೆಸಲಿ. ಮಕ್ಕಳು ತಮ್ಮ ಪ್ರಬಂಧವನ್ನು ಕನ್ನಡ ಲಿಪಿಯಲ್ಲಿ ತಾವೇ ಬೆರಳಚ್ಚು ಮಾಡಲಿ. ಯಂತ್ರಗಳನ್ನು ದಾನವೀಯುವ ಮಹನೀಯರು, ಈ ತರಗತಿಯೂ ನಡೆಯಬೇಕೆಂಬ ಮಾತನ್ನು ದಾನದೊಡನೆ ಸೇರಿಸಲಿ. ಹಳೆಯ ವಿದ್ಯಾರ್ಥಿಗಳು ಶಾಲೆಯ ಹಿಂದಿನ ಸಂಚಿಕೆಗಳನ್ನು ಹಂಚಿಕೊಂಡು, ಒಬ್ಬೊಬ್ಬರು ಹತ್ತು ಪುಟಗಳಂತೆ ಗಣಕಕ್ಕೇರಿಸಲಿ. ಇದಕ್ಕೆ ಬೇಕಾದುದು ಹಣಕ್ಕಿಂತ ಮಿಗಿಲಾಗಿ ಮನಸ್ಸು. ತಂತಿ ನಮ್ಮ ಬಾಗಿಲಿಗೆ ಬಂದು ದಶಕಗಳೇ ಸಂದವು. ಅಕ್ಷರವೂ ಬಂದಾಗಿದೆ. ಇನ್ನು ತಡವಾದರೆ ಅದು ನಮ್ಮಿಂದಲೇ ಆದ ತಡ.