ಸಮಾನ ಮನಸ್ಕರ ಚಳಿಗಾಲ

ಊರಾಚೆ ನಾಲ್ಕೆಕರೆ ಕೊಂಡು, ಸಮಾನ ಮನಸ್ಕರು ಹತ್ತು ಜನ ಸೇರಿ, ಒಂದೇ ಅಡುಗೆಮನೆ ಇಟ್ಟುಕೊಂಡು ನೆಮ್ಮದಿಯಾಗಿ ಬದುಕಿಬಿಡಬೇಕು ಎಂಬ ಮಾತು ಈಚೆಗೆ ಬೆಂಗಳೂರಿನ ಮಧ್ಯಮವರ್ಗದ ಹರಟೆಯಲ್ಲಿ ಪದೇ ಪದೇ ಕೇಳಿಬರುತ್ತದೆ. ಟ್ರಾಫಿಕ್ಕಿನ ಸುಸ್ತು, ಸಾಲದ ಕಂತು, ಫ್ಲ್ಯಾಟಿನ ಒಂಟಿತನಗಳ ನಡುವೆ ಇಂಥ ಆಸೆ ಹುಟ್ಟುವುದು ಸಹಜ. ಆಸೆಯ ಬಗ್ಗೆ ನನ್ನ ತಕರಾರಿಲ್ಲ; ತಕರಾರಿರುವುದು ‘ಸಮಾನ ಮನಸ್ಕರು’ ಎಂಬ ಷರತ್ತಿನ ಮೇಲೆ. ಮನಸ್ಸು ಒಂದಾದರೆ ಮಿಕ್ಕಿದ್ದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಆದರೆ ಇಂಥ ಕೂಡುಬಾಳ್ವೆಯ ಪ್ರಯೋಗಗಳ ಚರಿತ್ರೆ ಬೇರೆಯೇ ಹೇಳುತ್ತದೆ. ಸೌದೆ ಒಡೆಯುವವರು ಯಾರು, ಮುಸುರೆ ತೊಳೆಯುವವರು ಯಾರು, ಜ್ವರ ಬಂದವರಿಗೆ ಗಂಜಿ ಕಾಯಿಸುವವರು ಯಾರು ಎಂಬುದನ್ನು ಮೊದಲೇ ಇತ್ಯರ್ಥ ಮಾಡಿಕೊಂಡವರು ಹೆಚ್ಚು ಕಾಲ ಬಾಳಿದ್ದಾರೆ. ಮಾಡಿಕೊಳ್ಳದವರು ಎಷ್ಟೇ ಸಮಾನ ಮನಸ್ಕರಾಗಿದ್ದರೂ ಮೊದಲ ಚಳಿಗಾಲವನ್ನೇ ದಾಟಿಲ್ಲ.

ಚಳಿಗಾಲವೇ ಯಾಕೆ? ಬೇಸಿಗೆಯಲ್ಲಿ ಕೆಲಸವೆಲ್ಲ ಬಯಲಲ್ಲಿ ನಡೆಯುತ್ತದೆ. ಉತ್ತವರು, ಬಿತ್ತಿದವರು, ಬೇಲಿ ಕಟ್ಟಿದವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ನೋಡಲು ಬಂದ ಅತಿಥಿಗಳೂ ಮೆಚ್ಚುತ್ತಾರೆ. ಶೀತದೇಶಗಳಲ್ಲಿ ಹಿಮ ಬಿದ್ದ ಮೇಲೆ ಕೆಲಸ ಮನೆಯೊಳಕ್ಕೆ ಸರಿದು ಕಣ್ಣಿಗೆ ಮರೆಯಾಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಡಿಸೆಂಬರಿನ ಹಗಲು ಒಂಬತ್ತು ತಾಸು ಮಾತ್ರ. ಒಲೆ ಆರದಂತೆ ನೋಡಿಕೊಳ್ಳಬೇಕು, ಹೆಪ್ಪುಗಟ್ಟಿದ ನೀರನ್ನು ಒಡೆದು ತರಬೇಕು, ಒಗೆದ ಬಟ್ಟೆಯನ್ನು ಒಳಗೇ ಒಣಗಿಸಬೇಕು, ಹರಿದದ್ದನ್ನು ಹೊಲಿಯಬೇಕು, ಮೂರು ಹೊತ್ತೂ ಬೇಯಿಸಬೇಕು. ಇವತ್ತು ಮಾಡಿದ್ದು ನಾಳೆ ಬೆಳಗ್ಗೆ ಮತ್ತೆ ಹಾಗೇ ಬಿದ್ದಿರುತ್ತದೆ. ಬೆಚ್ಚಗಿರುವುದು ಒಂದೋ ಎರಡೋ ಕೋಣೆಯಾದ್ದರಿಂದ, ಮಾಡುವವರೂ ಮಾಡದವರೂ ದಿನವಿಡೀ ಎದುರುಬದುರು ಕೂತಿರಬೇಕಾಗುತ್ತದೆ. ನಮ್ಮ ಮಲೆನಾಡಿನಲ್ಲಿ ಜಮೀನು ಹುಡುಕುವವರಿಗೆ ಇದೇ ಪರೀಕ್ಷೆ ಮಳೆಗಾಲದಲ್ಲಿ ಬರುತ್ತದೆ. ಜೂನ್ ಹಿಡಿಯುವ ಮೊದಲೇ ಒಣಸೌದೆ ಕೊಟ್ಟಿಗೆ ಸೇರದಿದ್ದರೆ ಏನಾಗುತ್ತದೆಂದು ಅಲ್ಲಿಯವರನ್ನು ಕೇಳಿದರೆ ಸಾಕು.

ಈ ಮಾತಿಗೆ ಫ್ರೂಟ್‌ಲ್ಯಾಂಡ್ಸ್ ಎಂಬ ಪ್ರಯೋಗಕ್ಕಿಂತ ಸ್ಪಷ್ಟ ಸಾಕ್ಷಿ ಇನ್ನೊಂದಿಲ್ಲ. 1843ರ ಜೂನಿನಲ್ಲಿ ಅಮೆರಿಕದ ದಾರ್ಶನಿಕ ಬ್ರಾನ್ಸನ್ ಆಲ್ಕಾಟ್ ಮತ್ತು ಇಂಗ್ಲೆಂಡಿನಿಂದ ಬಂದ ಚಾರ್ಲ್ಸ್ ಲೇನ್, ಮ್ಯಾಸಚೂಸೆಟ್ಸ್‌ನ ಹಾರ್ವರ್ಡ್ ಎಂಬ ಹಳ್ಳಿಯ ಬಳಿ ಸುಮಾರು 90 ಎಕರೆಯ ಒಂದು ತೋಟದಲ್ಲಿ ನೆಲೆಯೂರಿದರು. ದುಡ್ಡು ಲೇನ್ ಅವರದು, ದರ್ಶನ ಇಬ್ಬರದೂ. ಮಾಂಸ, ಹಾಲು, ಬೆಣ್ಣೆ, ಮೊಟ್ಟೆ, ಜೇನು, ಚಹಾ, ಕಾಫಿ ಯಾವುದೂ ಇಲ್ಲ. ಹತ್ತಿ ಗುಲಾಮರ ಬೆವರಿನದು, ಉಣ್ಣೆ ಕುರಿಯ ಸ್ವತ್ತು, ರೇಷ್ಮೆ ಹುಳುವಿನ ಸ್ವತ್ತು. ಹಾಗಾಗಿ ಉಡಲು ಲಿನನ್ ಒಂದೇ. ಪ್ರಾಣಿಗಳಿಗೆ ನೊಗ ಹೂಡುವುದು ತಪ್ಪೆಂದು ಮೊದಲು ಗುದ್ದಲಿಯಲ್ಲೇ ಅಗೆದರು, ಆಮೇಲೆ ಸೋತು ಎತ್ತು ತಂದರು. ತತ್ವದ ಮಟ್ಟಿಗೆ ಇವರಷ್ಟು ಸಮಾನ ಮನಸ್ಕರು ಸಿಗುವುದು ಕಷ್ಟ, ಮತ್ತು ಆ ತತ್ವಗಳಲ್ಲಿ ಹಲವನ್ನು ಇವತ್ತಿಗೂ ಗೌರವಿಸಬೇಕು. ಜುಲೈಯಲ್ಲಿ ನೋಡಿ ಹೋದ ಲೇಖಕ ಎಮರ್ಸನ್, ಈಗೇನೋ ಚೆನ್ನಾಗಿ ಕಾಣುತ್ತಿದ್ದಾರೆ, ಡಿಸೆಂಬರಿನಲ್ಲಿ ನೋಡೋಣ ಎಂಬರ್ಥದ ಸಂಶಯವನ್ನು ದಿನಚರಿಯಲ್ಲಿ ಬರೆದಿಟ್ಟುಕೊಂಡರು. ಡಿಸೆಂಬರಿನವರೆಗೂ ಕಾಯಬೇಕಾಗಿರಲಿಲ್ಲ. ಸುಗ್ಗಿಯ ಹೊತ್ತಿಗೆ ಗಂಡಸರು ಉಪನ್ಯಾಸ, ಸಂವಾದಗಳಿಗೆಂದು ಊರೂರು ತಿರುಗುತ್ತಿದ್ದರು. ಕೊಯ್ದ ಬಾರ್ಲಿ ಹೊಲದಲ್ಲಿ ಬಿದ್ದಿರುವಾಗ ಬಿರುಗಾಳಿ ಎದ್ದಿತು. ಆಲ್ಕಾಟರ ಹೆಂಡತಿ ಅಬಿಗೇಲ್, ಹೆಣ್ಣುಮಕ್ಕಳನ್ನೂ ಲೇನ್ ಅವರ ಮಗನನ್ನೂ ಕಟ್ಟಿಕೊಂಡು, ಬಟ್ಟೆಯ ಬುಟ್ಟಿಗಳಲ್ಲಿ, ಲಿನನ್ ಹಾಸಿಗೆಬಟ್ಟೆಗಳಲ್ಲಿ ಫಸಲನ್ನು ತುಂಬಿ ಎಳೆದು ಒಳಗೆ ಹಾಕಿದರಂತೆ. ಆಗ ಹತ್ತು ವರ್ಷದವಳಾಗಿದ್ದ ಮಗಳು ಲೂಯಿಸಾ ಮೇ ಆಲ್ಕಾಟ್ 1873ರಲ್ಲಿ ಪ್ರಕಟಿಸಿದ ವಿಡಂಬನೆಯಲ್ಲಿ ಈ ಪ್ರಸಂಗ ಬರುತ್ತದೆ. ನಗಿಸುತ್ತ ಬರೆದಿದ್ದಾರೆ, ಆದರೆ ಆ ನಗು ಯಾರನ್ನು ಕುಟುಕುತ್ತಿದೆ ಎಂಬುದರಲ್ಲಿ ಅನುಮಾನವಿಲ್ಲ. ಕುರಿಯ ಉಣ್ಣೆಯನ್ನೂ ಹುಳುವಿನ ಗೂಡನ್ನೂ ಬಿಡದೆ ಲೆಕ್ಕ ಹಾಕಿದ ಆ ನೀತಿ, ಬೆಳಗಿನಿಂದ ರಾತ್ರಿಯವರೆಗೆ ಹತ್ತು ಹನ್ನೆರಡು ಜನಕ್ಕೆ ಬೇಯಿಸಿ, ಒಗೆದು, ಹೊಲಿಯುತ್ತಿದ್ದ ಹೆಂಗಸನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ಕೊರೆಯುವ ಚಳಿಯಲ್ಲಿ ಲಿನನ್ ತೊಟ್ಟು ನಡುಗುತ್ತಿದ್ದ ಮನೆಯಲ್ಲಿ, ಮಕ್ಕಳನ್ನು ಕರೆದುಕೊಂಡು, ಸಾಮಾನು ತೆಗೆದುಕೊಂಡು ಹೊರಡುತ್ತೇನೆ ಎಂದು ಅಬಿಗೇಲ್ ಕೊನೆಗೆ ಹೇಳಿಬಿಟ್ಟರು. 1844ರ ಜನವರಿ ನಡುವಿಗೆ ಎಲ್ಲ ಮುಗಿದಿತ್ತು. ಆರಂಭಿಸಿ ಎಂಟು ತಿಂಗಳೂ ತುಂಬಿರಲಿಲ್ಲ.

ಫ್ರೂಟ್‌ಲ್ಯಾಂಡ್ಸ್ ಸೋತದ್ದು ಅತಿರೇಕದ ಪಥ್ಯದಿಂದ, ಕೃಷಿ ಗೊತ್ತಿಲ್ಲದ್ದರಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದರಲ್ಲಿ ಸತ್ಯವಿದೆ. ಆದರೆ ಅದೇ ಊರಿನಲ್ಲಿ, ಅದೇ ಚಳಿಯಲ್ಲಿ, ಸ್ವಲ್ಪವೇ ದೂರದಲ್ಲಿ ಷೇಕರ್ ಎಂಬ ಕ್ರೈಸ್ತ ಪಂಥದವರ ಹಳ್ಳಿಯೊಂದಿತ್ತು. ಬ್ರಹ್ಮಚರ್ಯದಷ್ಟು ಕಠಿಣ ವ್ರತ ಹಿಡಿದಿದ್ದ ಆ ಹಳ್ಳಿ 1790ರ ದಶಕದಿಂದ 1918ರವರೆಗೆ ನಡೆಯಿತು. ಹಿಮ ಬಿದ್ದಾಗ ಅಲ್ಲಿ ಕೈ ಕಟ್ಟಿ ಕೂರುವ ಪ್ರಶ್ನೆಯಿರಲಿಲ್ಲ: ಒಣಗಿಸಿದ ಔಷಧಿ ಸಸ್ಯಗಳನ್ನು ಕಟ್ಟುವುದು, ತರಕಾರಿ ಬೀಜವನ್ನು ಕಾಗದದ ಪೊಟ್ಟಣಕ್ಕೆ ತುಂಬಿ ಮಾರಾಟಕ್ಕೆ ಸಜ್ಜು ಮಾಡುವುದು, ಪೊರಕೆ ಹೆಣೆಯುವುದು. ಅಡುಗೆ, ಒಗೆತಗಳು ಹೆಂಗಸರ ಪಾಲಿಗೇ ಬಿದ್ದಿದ್ದವು, ಇದನ್ನು ಮುಚ್ಚಿಡಬೇಕಿಲ್ಲ. ಆದರೆ ಅವು ಸರದಿಯ ಮೇಲೆ ನಡೆಯುತ್ತಿದ್ದವು, ಪಂಥದ ಆಡಳಿತದಲ್ಲೂ ಹೆಂಗಸರಿಗೆ ಗಂಡಸರ ಸಮಕ್ಕೆ ಸ್ಥಾನವಿತ್ತು. ಮಗನ ಕೈಹಿಡಿದು ಫ್ರೂಟ್‌ಲ್ಯಾಂಡ್ಸ್ ಬಿಟ್ಟ ಚಾರ್ಲ್ಸ್ ಲೇನ್ ಆ ಜನವರಿಯಲ್ಲಿ ಹೋಗಿ ಸೇರಿದ್ದು ಇದೇ ಷೇಕರರನ್ನು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಷೇಕರರು ಉಳಿದದ್ದು ಸರದಿಪಟ್ಟಿಯಿಂದಲ್ಲ, ದೈವಶ್ರದ್ಧೆಯಿಂದ. ಶ್ರದ್ಧೆಯಿದ್ದರೆ ಕೆಲಸ ತಾನಾಗಿ ಆಗುತ್ತದೆ ಎನ್ನಬಹುದು. ಹೆಚ್ಚು ಕಾಲ ಬಾಳಿದ ಸಮುದಾಯಗಳಲ್ಲಿ ಬಹುಪಾಲು ಧಾರ್ಮಿಕ ಸಮುದಾಯಗಳೇ ಎಂಬುದೂ ನಿಜ. ಆದರೆ ಆ ಧರ್ಮದವರೇ ಶ್ರದ್ಧೆಯನ್ನು ನೆಚ್ಚಿ ಕೂರಲಿಲ್ಲ. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ತಮ್ಮ ಮಠಕ್ಕೆ ಬರೆದ ನಿಯಮಾವಳಿ ನೋಡಿ. ಪ್ರಾರ್ಥನೆ, ಮೌನ, ವಿಧೇಯತೆಗಳ ಜೊತೆಗೆ ಅಡುಗೆಮನೆಗೂ ಅಲ್ಲಿ ಒಂದು ಅಧ್ಯಾಯವಿದೆ. ಸನ್ಯಾಸಿಗಳು ವಾರಕ್ಕೊಬ್ಬರಂತೆ ಅಡುಗೆ, ಬಡಿಸುವ ಕೆಲಸಕ್ಕೆ ನಿಲ್ಲಬೇಕು. ವಾರ ಮುಗಿಸಿದವನು ಶನಿವಾರ ಎಲ್ಲ ಸ್ವಚ್ಛ ಮಾಡಿ, ಕೈಕಾಲು ಒರೆಸುವ ಬಟ್ಟೆಗಳನ್ನು ಒಗೆದು, ಪಾತ್ರೆ ಪಗಡಗಳನ್ನು ಸರಿಯಾಗಿ ಉಗ್ರಾಣದವನ ವಶಕ್ಕೆ ಕೊಡಬೇಕು. ದೇವರಿಗಾಗಿ ಮನೆಮಠ ಬಿಟ್ಟು ಬಂದವರಿಗೂ ಒರೆಸುವ ಬಟ್ಟೆ ಒಗೆಯಬೇಕೆಂದು ಬರೆದೇ ಹೇಳಬೇಕಾಯಿತು.

ದೇವರಿಲ್ಲದೆಯೂ ಇದು ಸಾಧ್ಯವೇ? ವರ್ಜೀನಿಯಾದ ಹಳ್ಳಿಗಾಡಿನಲ್ಲಿ 1967ರಲ್ಲಿ ಎಂಟು ಜನ ಸೇರಿ ಆರಂಭಿಸಿದ ಟ್ವಿನ್ ಓಕ್ಸ್ ಇಂದಿಗೂ ನಡೆಯುತ್ತಿದೆ. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1948ರಲ್ಲಿ ಬರೆದ ಕಾದಂಬರಿಯೊಂದು ಅದಕ್ಕೆ ಪ್ರೇರಣೆ. ಅಲ್ಲಿ ಪ್ರತಿ ಸದಸ್ಯನೂ ವಾರಕ್ಕೆ ಸುಮಾರು 42 ಗಂಟೆಯ ದುಡಿಮೆ ಸಲ್ಲಿಸಬೇಕು. ಸೌದೆ ಕಡಿಯುವುದು, ಟೋಫು ತಯಾರಿಸುವುದು, ಅಡುಗೆ, ಪಾತ್ರೆ, ಮಕ್ಕಳ ಆರೈಕೆ ಎಲ್ಲವೂ ಅದರಲ್ಲಿ ಸೇರುತ್ತವೆ. ಕಾಯಿಲೆ ಬಿದ್ದ ಗಂಟೆಗಳಿಗೂ ಲೆಕ್ಕ ಸಿಗುತ್ತದೆ. ಮೊದಮೊದಲು ಯಾರೂ ಒಪ್ಪದ ಕೆಲಸಕ್ಕೆ ಹೆಚ್ಚು ಅಂಕ ಕೊಡುವ ಪದ್ಧತಿಯಿತ್ತು. ಅದನ್ನು ಬಿಟ್ಟು, ಯಾವ ಕೆಲಸವಾದರೂ ಗಂಟೆಗೆ ಒಂದೇ ಬೆಲೆ ಎಂದರು. ಅಂದರೆ ಚಳಿಯಲ್ಲಿ ಬೆಳಗ್ಗೆದ್ದು ಗಂಜಿ ಬೇಯಿಸಿದ ಒಂದು ತಾಸು, ಸಂಸ್ಥೆಯ ಹಣಕಾಸು ನೋಡಿದ ಒಂದು ತಾಸಿಗೆ ಸರಿಸಮ. ಅಬಿಗೇಲ್‌ಗೆ ಸಿಗದೇ ಹೋದದ್ದು ಇಷ್ಟೇ.

ಎಲ್ಲವನ್ನೂ ಗಂಟೆಯಲ್ಲಿ ಅಳೆದರೆ ಪ್ರೀತಿಗೆ ಜಾಗವೆಲ್ಲಿ, ಇದೂ ಇನ್ನೊಂದು ಆಫೀಸಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಟ್ವಿನ್ ಓಕ್ಸ್‌ನ ಸ್ಥಾಪಕರಲ್ಲಿ ಒಬ್ಬರಾದ ಕ್ಯಾಟ್ ಕಿಂಕೇಡ್ ತಾವು ಕಟ್ಟಿದ್ದನ್ನು ತಾವೇ ಒಮ್ಮೆ ಬಿಟ್ಟು ಹೋಗಿ ಮರಳಿ ಬಂದವರು. 1994ರ ತಮ್ಮ ಪುಸ್ತಕದಲ್ಲಿ ಅಲ್ಲಿಯ ಬೇಸರಗಳನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಬಂದು ಹೋಗುವವರ ಸಂಖ್ಯೆಯೂ ಅಲ್ಲಿ ದೊಡ್ಡದೇ. ಪಟ್ಟಿಯೊಂದರಿಂದಲೇ ಸುಖ ಬರುತ್ತದೆಂದು ನಾನೂ ಹೇಳುವುದಿಲ್ಲ. ಆದರೆ ಮನೆಯಲ್ಲಿ ನಾವು ಲೆಕ್ಕ ಇಡುವುದಿಲ್ಲವಲ್ಲ ಎಂದು ಹೆಮ್ಮೆಪಡುವವರು ಸಾಮಾನ್ಯವಾಗಿ ಬಡಿಸಿಕೊಳ್ಳುವ ಕಡೆ ಕೂತವರು. ಬಡಿಸುವವರು ಬಾಯಿಬಿಟ್ಟು ಹೇಳದಿದ್ದರೂ ಅವರ ಲೆಕ್ಕ ಕರಾರುವಾಕ್ಕಾಗಿ ಇದ್ದೇ ಇರುತ್ತದೆ. ಇನ್ನು ಈಗ ವಾಷಿಂಗ್ ಮಷಿನ್, ಡಿಶ್‌ವಾಷರ್ ಇವೆಯಲ್ಲ ಎನ್ನುವವರು ಅದಕ್ಕೆ ಪಾತ್ರೆ ಜೋಡಿಸುವವರು ಯಾರೆಂದು ಹೇಳಿದರೆ ಸಾಕು.

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಸುಲಭದ ಉತ್ತರವೊಂದು ಸಿದ್ಧವಾಗಿದೆ, ನನ್ನ ಸಿಟ್ಟೆಲ್ಲ ಅದರ ಮೇಲೆ. ಪಕ್ಕದ ಹಳ್ಳಿಯಿಂದ ಒಬ್ಬಾಕೆಯನ್ನು ಅಡುಗೆಗೆ, ಇನ್ನೊಬ್ಬಾಕೆಯನ್ನು ಮುಸುರೆಗೆ ಗೊತ್ತು ಮಾಡಿದರಾಯಿತು. ಸಮಾನ ಮನಸ್ಕರು ಸಾವಯವ ಗೊಬ್ಬರದ ಬಗ್ಗೆ ಚರ್ಚೆ ಮುಂದುವರಿಸಬಹುದು. ಸಮುದಾಯ ಎಂಬ ಹೆಸರಿಟ್ಟು, ಅದರ ಅತಿ ಕಷ್ಟದ ಭಾಗವನ್ನು ಸಮುದಾಯಕ್ಕೆ ಸೇರದವರಿಂದ ಮಾಡಿಸಿಕೊಳ್ಳುವುದು ಶುದ್ಧ ಜಮೀನ್ದಾರಿಕೆ. ಇದನ್ನು ನೂರು ವರ್ಷಕ್ಕೂ ಹಿಂದೆಯೇ ಭಾರತೀಯರೊಬ್ಬರು ನಿರಾಕರಿಸಿ ತೋರಿಸಿದ್ದರು. 1910ರ ಮೇ ಕೊನೆಯಲ್ಲಿ, ಅಂದರೆ ದಕ್ಷಿಣ ಗೋಳಾರ್ಧದ ಚಳಿಗಾಲದ ಬಾಗಿಲಲ್ಲಿ, ಗಾಂಧಿಯವರ ಗೆಳೆಯ ಹರ್ಮನ್ ಕ್ಯಾಲೆನ್‌ಬಾಕ್ ಜೊಹಾನ್ಸ್‌ಬರ್ಗಿನಿಂದ 21 ಮೈಲಿ ದೂರದ ತಮ್ಮ 1,100 ಎಕರೆಯನ್ನು ಸತ್ಯಾಗ್ರಹಿಗಳ ಕುಟುಂಬಗಳಿಗೆ ಬಿಟ್ಟುಕೊಟ್ಟರು. ಆ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಆಳುಗಳೇ ಇರಕೂಡದೆಂದು ನಿಯಮ. ಅಡುಗೆಯಿಂದ ಮಲ ಹೊರುವವರೆಗೆ ಎಲ್ಲವನ್ನೂ ಅಲ್ಲಿದ್ದವರೇ ಮಾಡಬೇಕಿತ್ತು, ಗಾಂಧಿಯವರೂ ಮಾಡಿದರು. ಅಲ್ಲಿ ನೆರೆದವರು ಸಮಾನ ಮನಸ್ಕರೂ ಆಗಿರಲಿಲ್ಲ: ಹಿಂದೂ, ಮುಸ್ಲಿಂ, ಪಾರ್ಸಿ, ಕ್ರೈಸ್ತರು, ಆಡುವ ಮಾತು ತಮಿಳು, ಗುಜರಾತಿ. ಗಾಂಧಿಯಂಥವರೊಬ್ಬರು ಇದ್ದುದರಿಂದ ಅದು ನಡೆಯಿತು ಎಂದರೆ ಒಪ್ಪುತ್ತೇನೆ. ಆಲ್ಕಾಟರಿಗೂ ವ್ಯಕ್ತಿತ್ವದ ಕೊರತೆಯೇನೂ ಇರಲಿಲ್ಲ, ಕಕ್ಕಸು ತೊಳೆಯುವ ಸರದಿಯಲ್ಲಿ ಅವರ ಹೆಸರಿರಲಿಲ್ಲ ಅಷ್ಟೆ.

ಆದ್ದರಿಂದ ಜಮೀನು ನೋಡಲು ಹೊರಟಿರುವ ಗೆಳೆಯರಲ್ಲಿ ಒಂದು ವಿನಂತಿ. ದರ್ಶನ, ಲಾಂಛನ, ಕಟ್ಟಡದ ನಕ್ಷೆ ಆಮೇಲೆ ಆಗಲಿ. ಮಳೆ ಹಿಡಿದ ಜುಲೈ ತಿಂಗಳೊಂದರ ಅಡುಗೆ, ಪಾತ್ರೆ, ಕಕ್ಕಸು, ಸೌದೆ, ರೋಗಿಗಳ ಶುಶ್ರೂಷೆ ಇಷ್ಟಕ್ಕೂ ಹೆಸರು ಹಚ್ಚಿ, ಸಂಬಳದವರನ್ನು ಸೇರಿಸದೆ, ಒಂದು ಸರದಿಪಟ್ಟಿ ಬರೆಯಿರಿ. ಅದಕ್ಕೆ ಹತ್ತೂ ಜನ ಸಹಿ ಹಾಕಿದ ಮೇಲೆ ಮುಂಗಡ ಕೊಡಿ.