ನೇಮಕಾತಿ ಓಟ: ಬಿರುಕು ಬಿಟ್ಟ ಎಲುಬಿಗೆ ಎರಡು ತಿಂಗಳು ಯಾರು ಕೊಡಬೇಕು?

ಹುಣ್ಣಿಮೆ ಹತ್ತಿರ ಬಂದಾಗ ಹುಲಿಗಿ ರಸ್ತೆಯಲ್ಲಿ ಎರಡು ಥರದ ಜನ ಕಾಣ್ತಾರೆ. ಹುಲಿಗೆಮ್ಮನ ದರ್ಶನಕ್ಕೆ ಊರಿಂದ ನಡೆದೇ ಬರೋ ಭಕ್ತರು ಒಂದು ಕಡೆ. ಬೆಳಗಿನ ಜಾವದ ಕತ್ತಲಲ್ಲಿ ಅದೇ ರಸ್ತೆಯ ಅಂಚು ಹಿಡಿದು ಓಡೋ ಹುಡುಗರು ಇನ್ನೊಂದು ಕಡೆ. ನಡೆಯೋರ ಕಾಲಿಗೆ ಬೊಬ್ಬೆ ಬಂದರೆ ಮರದ ಕೆಳಗೆ ಕೂತು ಸುಧಾರಿಸಿಕೊಳ್ಳಬಹುದು, ಅಮ್ಮ ಟೈಮ್ ನೋಡೋದಿಲ್ಲ. ಓಡೋರಿಗೆ ಆ ಅವಕಾಶ ಇಲ್ಲ. ಅವರ ಬೆನ್ನ ಹಿಂದೆ ಸ್ಟಾಪ್‌ವಾಚ್ ಇದೆ, ಅದರ ಹಿಂದೆ ವಯಸ್ಸಿನ ಮಿತಿ ಇದೆ.

'ಹವ್ಯಾಸಿ ಓಟಗಾರ' ಅಂದ ಕೂಡಲೇ ನಮಗೆ ನೆನಪಾಗೋದು ಕಬ್ಬನ್ ಪಾರ್ಕು, ದುಬಾರಿ ಶೂ, ಕೈಗೊಂದು ವಾಚು. ಅವರಿಗೂ ಗಾಯ ಆಗತ್ತೆ, ಬೇಜಾರೂ ಆಗತ್ತೆ. ಆದರೆ ಒಂದು ಮ್ಯಾರಥಾನ್ ತಪ್ಪಿದರೆ ಮುಂದಿನ ವರ್ಷ ಇನ್ನೊಂದು ಇರತ್ತೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆ ಯಾವ ಕೋಚೂ ಇಲ್ಲದೆ, ಯಾವ ಕ್ಲಬ್ಬೂ ಇಲ್ಲದೆ ದಿನಾ ಐದಾರು ಕಿಲೋಮೀಟರ್ ಓಡೋರು ಹೆಚ್ಚಾಗಿ ಪದಕಕ್ಕೆ ಓಡೋರಲ್ಲ, ಕೆಲಸಕ್ಕೆ ಓಡೋರು. ನಮ್ಮ ಭಾಗದ ನಿಜವಾದ ಹವ್ಯಾಸಿ ಅಥ್ಲೀಟ್ ಅಂದರೆ ನೇಮಕಾತಿಯ ಅಭ್ಯರ್ಥಿ.

ಅವರ ಗುರಿಗಳನ್ನ ನೋಡಿ. ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಗಂಡುಮಕ್ಕಳು 1600 ಮೀಟರನ್ನ ಆರೂವರೆ ನಿಮಿಷದಲ್ಲಿ ಮುಗಿಸಬೇಕು, ಹೆಣ್ಣುಮಕ್ಕಳು 400 ಮೀಟರನ್ನ ಎರಡು ನಿಮಿಷದಲ್ಲಿ. ಕೇಂದ್ರದ ಅರೆಸೇನಾ ಪಡೆಗಳ ಕಾನ್‌ಸ್ಟೆಬಲ್ ಆಗೋಕೆ ಗಂಡುಮಕ್ಕಳು 24 ನಿಮಿಷದಲ್ಲಿ 5 ಕಿ.ಮೀ. ಓಡಬೇಕು. ಅಗ್ನಿವೀರ್ ರ‍್ಯಾಲಿಯಲ್ಲಿ 1.6 ಕಿ.ಮೀ.ಯನ್ನ ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ, ತಡವಾದಷ್ಟೂ ಅಂಕ ಇಳಿಯತ್ತೆ. ಓದಿದೋರಿಗೆ ಇವು ಬರೀ ಸಂಖ್ಯೆ. ಓಡೋ ಹುಡುಗನಿಗೆ ಒಂದೊಂದು ಸೆಕೆಂಡೂ ಸಂಬಳದ ಲೆಕ್ಕ.

ನೋವು ಶುರುವಾಗೋದು ಹೀಗೆ

ಈ ಹುಡುಗ ಯಾರು ಅಂತ ಹೆಸರು ಹೇಳಬೇಕಿಲ್ಲ, ಪ್ರತಿ ಊರಲ್ಲೂ ಒಬ್ಬ ಇದ್ದಾನೆ. ಮೊಣಕಾಲಿನ ಕೆಳಗೆ, ಎಲುಬಿನ ಒಳಮಗ್ಗುಲಿಗೆ ಸಣ್ಣಗೆ ನೋವು ಶುರುವಾಗತ್ತೆ. ಮೊದಲು ಓಟ ಮುಗಿದ ಮೇಲೆ ಮಾತ್ರ. ಆಮೇಲೆ ಓಡೋವಾಗಲೂ. ಬಾಮು ಹಚ್ಚುತಾನೆ, ಬಟ್ಟೆ ಬಿಗಿದು ಕಟ್ಟುತಾನೆ. ಗೆಳೆಯರು "ಏನೂ ಆಗಂಗಿಲ್ಲೋ, ಓಡಿದ್ರ ತಾನ ಹೊಕ್ಕೈತಿ" ಅಂತಾರೆ. ಹೋಗೋದಿಲ್ಲ. ಆಸ್ಪತ್ರೆಗೆ ಹೋದರೆ ಎಕ್ಸ್‌ರೇಯಲ್ಲಿ ಏನೂ ಕಾಣಲ್ಲ. ನೋವಿನ ಗುಳಿಗೆ ಬರೆದು ಕೊಡ್ತಾರೆ. ಗುಳಿಗೆ ನುಂಗಿ ಮತ್ತೆ ಓಡ್ತಾನೆ.

ಇಲ್ಲೇ ಎಡವಟ್ಟಾಗೋದು. ಸ್ಟ್ರೆಸ್ ಫ್ರ್ಯಾಕ್ಚರ್ ಅನ್ನೋ ಕೂದಲೆಳೆ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಬಹಳ ಸಲ ಕಾಣೋದೇ ಇಲ್ಲ. ಎಂಆರ್‌ಐಯಲ್ಲಿ ಕಾಣತ್ತೆ, ಅದಕ್ಕೆ ಸಾವಿರಗಟ್ಟಲೆ ದುಡ್ಡು ಬೇಕು. ಇದೇನು ಹೊಸ ಕಾಯಿಲೆ ಅಲ್ಲ. 1855ರಲ್ಲೇ ಬ್ರೈಟ್‌ಹಾಪ್ಟ್ ಅನ್ನೋ ಪ್ರಷ್ಯಾದ ಸೇನಾ ವೈದ್ಯ ಕವಾಯತು ಮಾಡಿ ಮಾಡಿ ಪಾದ ಊದಿಸಿಕೊಂಡ ಸೈನಿಕರ ಬಗ್ಗೆ ಬರೆದ. ಅದಕ್ಕೆ ಬಂದ ಹೆಸರೇ 'ಮಾರ್ಚ್ ಫ್ರ್ಯಾಕ್ಚರ್'. ಅಂದರೆ ಸೇನೆಗೂ ಪೊಲೀಸಿಗೂ ಈ ಗಾಯ 170 ವರ್ಷದಿಂದ ಗೊತ್ತು.

ನಾನು ಇಂಜಿನಿಯರಿಂಗ್ ಓದುವಾಗ 'ಫಟೀಗ್' ಅಂತ ಒಂದು ಪಾಠ ಇತ್ತು. ಕಬ್ಬಿಣ ಒಂದೇ ಏಟಿಗೆ ಮುರಿಯಬೇಕಂತಿಲ್ಲ, ತಡೆಯಬಲ್ಲಷ್ಟೇ ಭಾರ ಸಾವಿರ ಸಲ ಬಿದ್ದರೂ ಬಿರುಕು ಬಿಡತ್ತೆ. ಎಲುಬೂ ಹಾಗೇ, ಆದರೆ ಒಂದು ವ್ಯತ್ಯಾಸ ಇದೆ. ಕಬ್ಬಿಣ ತನ್ನನ್ನ ತಾನು ರಿಪೇರಿ ಮಾಡಿಕೊಳ್ಳಲ್ಲ, ಎಲುಬು ಮಾಡಿಕೊಳ್ಳತ್ತೆ. ಅದಕ್ಕೆ ಬೇಕಾಗಿರೋದು ಊಟ, ನಿದ್ದೆ, ಸಮಯ. ಓಟ ಶುರು ಮಾಡಿದ ಕೆಲವೇ ವಾರದಲ್ಲಿ ದಮ್ಮು ಸುಧಾರಿಸತ್ತೆ. ಎಲುಬು ಗಟ್ಟಿಯಾಗೋಕೆ ತಿಂಗಳುಗಳು ಬೇಕು. 'ಈಗ ಆರಾಮಾಗಿ ಓಡ್ತಿದೀನಿ' ಅನ್ನಿಸೋ ಹೊತ್ತಿಗೇ ಕಾಲು ಒಡೆಯೋದು ಇದಕ್ಕೇ.

ತಪ್ಪು ಬರೀ ಹುಡುಗನದ್ದಾ?

ಯೂಟ್ಯೂಬ್ ಕೋಚ್‌ಗಳು 'ನಿಧಾನಕ್ಕೆ ಹೆಚ್ಚಿಸಿ' ಅಂತಾರೆ. ಸರಿಯಾದ ಮಾತೇ. ಆದರೆ ನೇಮಕಾತಿಯ ಕ್ರಮವೇ ಇದಕ್ಕೆ ಉಲ್ಟಾ ಇದೆ. ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಮೊದಲು ಲಿಖಿತ ಪರೀಕ್ಷೆ, ಆಮೇಲೆ ದೈಹಿಕ ಪರೀಕ್ಷೆ. 2023ರಿಂದ ಅಗ್ನಿವೀರ್‌ಗೂ ಮೊದಲು ಆನ್‌ಲೈನ್ ಪರೀಕ್ಷೆ, ಆಮೇಲೆ ರ‍್ಯಾಲಿ. ಹೀಗಾಗಿ ತಿಂಗಳಾನುಗಟ್ಟಲೆ ಲೈಬ್ರರಿಯಲ್ಲಿ ಕೂತು ಓದಿದ ಹುಡುಗ, ಪಟ್ಟಿಯಲ್ಲಿ ಹೆಸರು ಬಂದ ಮರುದಿನದಿಂದ ದಿನಕ್ಕೆರಡು ಸಲ ಓಡೋಕೆ ಶುರು ಮಾಡ್ತಾನೆ. ದಿನಾಂಕ ಯಾವಾಗ ಬರತ್ತೋ ಗೊತ್ತಿಲ್ಲ. ಗೊತ್ತಾದಾಗ ಸಮಯ ಉಳಿದಿರಲ್ಲ. ವೈದ್ಯರು ಯಾವುದನ್ನ ಮಾಡಬೇಡಿ ಅಂತಾರೋ ಅದನ್ನೇ ವ್ಯವಸ್ಥೆ ಮಾಡಿಸತ್ತೆ.

ಇನ್ನು ಅನಿಶ್ಚಿತತೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ 2022ರ ಏಪ್ರಿಲ್‌ನಲ್ಲಿ ರದ್ದಾಯ್ತು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಒಳಮೀಸಲಾತಿ ತೀರ್ಮಾನ ಆಗೋವರೆಗೂ ಅಂತ 2024ರ ಕೊನೆಯಿಂದ ಹೊಸ ಅಧಿಸೂಚನೆಗಳೇ ನಿಂತವು. ಒಳಮೀಸಲಾತಿ ನ್ಯಾಯದ ಬೇಡಿಕೆ, ಅದರಲ್ಲಿ ತಕರಾರಿಲ್ಲ. ಆದರೆ ಕಾದ ತಿಂಗಳುಗಳು ಅಭ್ಯರ್ಥಿಯ ವಯಸ್ಸಿನಿಂದಲೇ ಕಳೆದುಹೋದವು. ಒಂದು ಅಧಿಸೂಚನೆ ತಪ್ಪಿದರೆ ಇನ್ನೊಂದು ಯಾವಾಗ ಅಂತ ಗೊತ್ತಿಲ್ಲದವನಿಗೆ 'ಎಂಟು ವಾರ ರೆಸ್ಟ್ ಮಾಡು' ಅಂದರೆ, ಅದು ಚಿಕಿತ್ಸೆಯ ಥರ ಕೇಳಿಸಲ್ಲ, ಶಿಕ್ಷೆಯ ಥರ ಕೇಳಿಸತ್ತೆ.

ಓಡೋ ಜಾಗದ ಕಥೆಯೂ ಇದೇ. ಜಿಲ್ಲಾ ಕೇಂದ್ರದಲ್ಲಿ ಕ್ರೀಡಾಂಗಣ ಇದೆ, ಹಳ್ಳಿ ಹುಡುಗನಿಗೆ ಹೆದ್ದಾರಿಯ ಡಾಂಬರೇ ಟ್ರ್ಯಾಕು. ಹುಲಿಗಿಯಿಂದ ಕೊಪ್ಪಳಕ್ಕೆ ಹೋಗೋ ದಾರಿಯಲ್ಲೇ ಗಿಣಿಗೇರಾ ಸುತ್ತಲಿನ ಕಾರ್ಖಾನೆಗಳು. ಆ ಹೊಗೆ, ಕಪ್ಪು ಧೂಳಿನ ವಿರುದ್ಧವೇ 2025ರ ಫೆಬ್ರವರಿ 24ರಂದು ಇಡೀ ಕೊಪ್ಪಳ ಬಂದ್ ಆಗಿತ್ತು. ಜೋರಾಗಿ ಓಡೋವಾಗ, ಕೂತಾಗ ಎಳೆದುಕೊಳ್ಳೋದರ ಹತ್ತು ಪಟ್ಟು ಗಾಳಿ ಎಳೆದುಕೊಳ್ತೀವಿ. ಅಂದರೆ ಹತ್ತು ಪಟ್ಟು ಧೂಳನ್ನೂ.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಕತ್ತಲಲ್ಲಿ ಒಬ್ಬಳೇ ರಸ್ತೆಗಿಳಿಯೋ ಹಾಗಿಲ್ಲ, ಬೆಳಕಾದರೆ ಮನೆಗೆಲಸ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಸುಡೋ ಶಕ್ತಿಗೆ ತಕ್ಕ ಊಟ ಇಲ್ಲದೆ ಓಡಿದರೆ ಮುಟ್ಟು ಏರುಪೇರಾಗತ್ತೆ, ಎಲುಬು ಸವೆಯತ್ತೆ. ಅವರಿಗೆ ಇದನ್ನ ಹೇಳೋರು ಯಾರೂ ಇರಲ್ಲ.

ಗೇಟ್‌ಗೆ ಸಿಕ್ಕಿದ್ದು ಕಾಲಿಗೆ ಸಿಗಲಿಲ್ಲ

ಹುಲಿಗಿಯ ಪಕ್ಕದಲ್ಲೇ ತುಂಗಭದ್ರಾ ಡ್ಯಾಮ್ ಇದೆ. 2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಕ್ರೆಸ್ಟ್ ಗೇಟಿನ ಚೈನ್ ಕಿತ್ತು ಗೇಟು ಕೊಚ್ಚಿಹೋಯ್ತು. ಒಂದೇ ವಾರದಲ್ಲಿ ಹರಿಯೋ ನೀರಿನಲ್ಲೇ ತಾತ್ಕಾಲಿಕ ಗೇಟ್ ಕೂರಿಸಿದರು. ಮರುವರ್ಷ, ಗೇಟ್‌ಗಳು ಹಳತಾಗಿವೆ ಅಂತ 105 ಟಿಎಂಸಿ ಸಾಮರ್ಥ್ಯದ ಡ್ಯಾಮಿನಲ್ಲಿ ಸುಮಾರು 80 ಟಿಎಂಸಿ ಮಾತ್ರ ನಿಲ್ಲಿಸಿದರು. ಹೊಸ ಗೇಟ್ ಹಾಕೋಕೆ ಎರಡನೇ ಬೆಳೆಗೆ ನೀರೂ ಇಲ್ಲ ಅಂದರು. ಇದಕ್ಕೆ ಬೆಲೆ ಕಟ್ಟಿದ್ದು ಗಂಗಾವತಿ ಸೀಮೆಯ ಭತ್ತದ ರೈತರು. ಅಂಥ ಮನೆಗಳ ಮಕ್ಕಳೇ ಇವತ್ತು ರಸ್ತೆಯಲ್ಲಿ ಓಡ್ತಿರೋದು. ಬೆಳೆ ಹೋದ ವರ್ಷ 'ನೌಕರಿ' ಅನ್ನೋ ಪದದ ಭಾರ ಇನ್ನೂ ಹೆಚ್ಚು.

ಆದರೂ ಆ ತೀರ್ಮಾನದಲ್ಲಿ ಒಂದು ವಿವೇಕ ಇದೆ. ದುರ್ಬಲ ಆಗಿರೋದರ ಮೇಲೆ ಭಾರ ಕಡಿಮೆ ಮಾಡು, ರಿಪೇರಿಗೆ ಸಮಯ ಕೊಡು, ಆಮೇಲೆ ಮತ್ತೆ ತುಂಬು. ಗಾಯದಿಂದ ಚೇತರಿಸಿಕೊಳ್ಳೋದು ಅಂದರೂ ಇಷ್ಟೇ. ಎಲುಬಿನ ಬಿರುಕಿಗೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಓಟ ಬಂದ್. ನೋವಿಲ್ಲದೆ ಅರ್ಧ ಗಂಟೆ ನಡೆಯೋಕಾದ ಮೇಲೆ, ಒಂದು ನಿಮಿಷ ಜಾಗಿಂಗ್, ಒಂದು ನಿಮಿಷ ನಡಿಗೆ, ದಿನ ಬಿಟ್ಟು ದಿನ. ನೋವು ಮರಳಿದರೆ ಒಂದು ಹೆಜ್ಜೆ ಹಿಂದೆ. ಒಂದೇ ಬೆರಳು ಇಡೋಷ್ಟು ಜಾಗದಲ್ಲಿ ಒತ್ತಿದರೆ ಚುರುಕ್ ಅನ್ನೋ ನೋವಿದ್ದರೆ, ರಾತ್ರಿ ಮಲಗಿದಾಗಲೂ ನೋಯ್ತಿದ್ದರೆ, ಗುಳಿಗೆ ನುಂಗಿ ಓಡಬೇಡಿ. ಗುಳಿಗೆ ನೋವನ್ನ ಮುಚ್ಚತ್ತೆ, ಬಿರುಕನ್ನಲ್ಲ. ಓದ್ತಿರೋ ನಿಮ್ಮಲ್ಲೇ ಯಾರಿಗಾದರೂ ಇದು ಬೇಕಾಗಬಹುದು.

ಕೇಳಬೇಕಾದ್ದು

ಒಂದು, ಲಿಖಿತ ಪರೀಕ್ಷೆಯ ಫಲಿತಾಂಶಕ್ಕೂ ದೈಹಿಕ ಪರೀಕ್ಷೆಗೂ ನಡುವೆ ಕನಿಷ್ಠ 12 ವಾರ, ದಿನಾಂಕ ಅಧಿಸೂಚನೆಯಲ್ಲೇ ಇರಲಿ. ಎರಡು, ತಾಲ್ಲೂಕು ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿಸ್ಟ್, ಹೋಬಳಿಗೊಂದು ಮಣ್ಣಿನ ಟ್ರ್ಯಾಕ್. ಮೂರು, ಸರ್ಕಾರಿ ವೈದ್ಯಕೀಯ ಮಂಡಳಿ ಗಾಯ ಖಚಿತಪಡಿಸಿದರೆ ಓಟಕ್ಕೆ ಇನ್ನೊಂದು ದಿನಾಂಕ.

'ಸುಳ್ಳು ಸರ್ಟಿಫಿಕೇಟ್ ತರ್ತಾರೆ, ನೇಮಕಾತಿ ಎಳೆಯತ್ತೆ' ಅಂತ ಅಧಿಕಾರಿಗಳು ಹೇಳಬಹುದು. ಭಯ ಸುಳ್ಳಲ್ಲ. ಅದಕ್ಕೇ ಖಾಸಗಿ ಚೀಟಿ ಬೇಡ, ಮಂಡಳಿ ಇರಲಿ, ಒಂದೇ ಸಲ ಅವಕಾಶ ಇರಲಿ. ಇಂಥದ್ದು ನಿಯಮಕ್ಕೆ ಹೊಸದೂ ಅಲ್ಲ. ಕೇಂದ್ರ ಪಡೆಗಳ ನೇಮಕಾತಿಯಲ್ಲಿ ಅಭ್ಯರ್ಥಿ ಗರ್ಭಿಣಿಯಾಗಿದ್ದರೆ ಅವಳನ್ನ 'ತಾತ್ಕಾಲಿಕ ಅನರ್ಹ' ಅಂತ ಗುರುತಿಸಿ, ಹೆರಿಗೆಯಾಗಿ ಆರು ವಾರದ ಮೇಲೆ ಮತ್ತೆ ಪರೀಕ್ಷೆ ಮಾಡ್ತಾರೆ. ದೇಹಕ್ಕೆ ಸಮಯ ಬೇಕು ಅನ್ನೋದು ನಿಯಮಕ್ಕೆ ಗೊತ್ತಿದೆ. ನೇಮಕಾತಿ ತಡವಾಯ್ತು ಅಂತ ರಾಜ್ಯ ಸರ್ಕಾರ 2025ರಲ್ಲಿ ಒಂದು ಬಾರಿಗೆ ಮೂರು ವರ್ಷ ವಯೋಮಿತಿ ಸಡಿಲಿಸಿದ್ದೂ ಇದೇ ತರ್ಕದ ಮೇಲೆ.

'ಪೊಲೀಸ್ ಆಗೋನು ಫಿಟ್ ಇರಬೇಡವಾ?' ಇರಬೇಕು. ಆದರೆ ಗುಳಿಗೆ ನುಂಗಿ, ಬಿರುಕು ಬಿಟ್ಟ ಕಾಲಲ್ಲಿ ಆರೂವರೆ ನಿಮಿಷ ಓಡಿ ಪಾಸಾದೋನು ಫಿಟ್ಟಾ? ಎಂಟು ವಾರ ತಾಳಿ, ಗುಣವಾಗಿ ಓಡಿದೋನು ಫಿಟ್ಟಾ? 2024ರಲ್ಲಿ ಜಾರ್ಖಂಡ್‌ನ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ 10 ಕಿ.ಮೀ. ಓಟದ ಪರೀಕ್ಷೆಗೆ ಬಂದ ಹತ್ತಕ್ಕೂ ಹೆಚ್ಚು ಯುವಕರು ಸತ್ತರು. ಆಮೇಲೆ ಅಲ್ಲಿನ ಸರ್ಕಾರ ಓಟವನ್ನ ಕೆಲ ದಿನ ನಿಲ್ಲಿಸಿತು. ನಮ್ಮಲ್ಲಿ ಯಾರೂ ಸಾಯೋವರೆಗೆ ಕಾಯಬೇಕಿಲ್ಲ.

ಮುಂದಿನ ಸಲ ಹುಲಿಗಿಗೆ ಹೋದಾಗ ರಸ್ತೆ ಅಂಚಿನಲ್ಲಿ ಕುಂಟುತ್ತಾ ಓಡೋ ಹುಡುಗ ಕಂಡರೆ, 'ಹಠ ಬಿಡಬೇಡ' ಅಂತ ಹುರಿದುಂಬಿಸೋದು ಬೇಡ. ಹಠ ಅವನಲ್ಲಿ ಬೇಕಾದಷ್ಟಿದೆ. ಇವತ್ತು ಮನೆಗೆ ಹೋಗು ಅಂತ ಹೇಳಿ. ಹಾಗೆ ಹೇಳಿದ್ದಕ್ಕೆ ಅವನು ಕೆಲಸ ಕಳೆದುಕೊಳ್ಳದಂತೆ ನೋಡಿಕೊಳ್ಳಿ ಅಂತ ಸರ್ಕಾರಕ್ಕೆ ಹೇಳೋದು ನಮ್ಮ ಪಾಲಿನ ಕೆಲಸ.