ಕಮಿಷನ್ ಉಳಿಸಲು ಹೋಗಿ ಬಂಡವಾಳ ಕಳೆಯಬೇಕೆ?

ಇಳಕಲ್ ಸೀರೆ, ಚನ್ನಪಟ್ಟಣದ ಬೊಂಬೆಗಳನ್ನು ಆನ್‌ಲೈನ್‌ನಲ್ಲಿ ಮಾರುವ ಸಣ್ಣ ಅಂಗಡಿಗಳೂ ಬಿಟ್‌ಕಾಯಿನ್ ಸ್ವೀಕರಿಸಬೇಕು, ಅದರಿಂದ ಕಮಿಷನ್ ಉಳಿಯುತ್ತದೆ, ವಿದೇಶಿ ಗ್ರಾಹಕರು ಸಿಗುತ್ತಾರೆ, ಬಂದ ಹಣ ವಾಪಸ್ ಹೋಗುವ ಭಯವಿಲ್ಲ ಎಂಬುದು ಈಚೆಗೆ ಪ್ರಕಟವಾದ ಲೇಖನವೊಂದರ ವಾದ. ಕೇಳಲು ಚೆನ್ನಾಗಿದೆ, ಲೆಕ್ಕಕ್ಕೆ ನಿಲ್ಲುವುದಿಲ್ಲ.

ಬ್ಯಾಂಕ್ ಖಾತೆಯಿಂದ ನೇರವಾಗಿ ಮಾಡುವ ಯುಪಿಐ ಪಾವತಿಗೆ 2020ರ ಜನವರಿಯಿಂದ ವ್ಯಾಪಾರಿಗಳು ತೆರಬೇಕಾದ ಎಂಡಿಆರ್ ಶುಲ್ಕವೇ ಇಲ್ಲ. ಬಿಟ್‌ಕಾಯಿನ್ ವರ್ಗಾವಣೆಗೆ ಶುಲ್ಕವುಂಟು, ದಟ್ಟಣೆ ಹೆಚ್ಚಿದರೆ ಅದೂ ಏರುತ್ತದೆ.

ಲೇಖಕರು ತೆರಿಗೆಯ ಮಾತನ್ನೇ ಎತ್ತಿಲ್ಲ. ನಿಜವಾದ ಪೆಟ್ಟು ಬೀಳುವುದು ಅಲ್ಲೇ. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ; ನಷ್ಟವಾದರೆ ಅದನ್ನು ಅಂಗಡಿಯ ಆದಾಯದಲ್ಲಿ ಕಳೆಯುವಂತಿಲ್ಲ. 2021ರ ನವೆಂಬರ್‌ನಲ್ಲಿ 68 ಸಾವಿರ ಡಾಲರ್ ದಾಟಿದ್ದ ಬಿಟ್‌ಕಾಯಿನ್ ಒಂದೇ ವರ್ಷದಲ್ಲಿ 16 ಸಾವಿರದ ಆಸುಪಾಸಿಗೆ ಕುಸಿಯಿತು. ನೇಕಾರರ ಕೂಲಿ, ಕೊರಿಯರ್, ಜಿಎಸ್‌ಟಿ ಎಲ್ಲವೂ ರೂಪಾಯಿಯಲ್ಲೇ ಸಲ್ಲಬೇಕು. ಒಂದು ಸೀರೆಯ ಮೇಲಿನ ಲಾಭ ಇಂಥ ಕುಸಿತವನ್ನು ತಾಳೀತೆ?

ವಿದೇಶಿ ಕಾರ್ಡ್‌ಗಳ ಶುಲ್ಕ ದುಬಾರಿ ಎಂಬುದನ್ನು ಒಪ್ಪುತ್ತೇನೆ. ಆದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ (ಫೆಮಾ) ನಿಯಮದಂತೆ ರಫ್ತಿನ ಹಣ ಅಧಿಕೃತ ಬ್ಯಾಂಕಿನ ಮೂಲಕ ಬರಬೇಕು. ವಾಲೆಟ್‌ಗೆ ಬಿದ್ದ ಬಿಟ್‌ಕಾಯಿನ್ ಆ ಲೆಕ್ಕಕ್ಕೆ ಸೇರದು.

ಇನ್ನು, ಹಣ ವಾಪಸ್ ಹೋಗದಿರುವುದು ಮಾರುವವರಿಗೆ ಹಿತವೇ. ಹರಿದ ಸೀರೆ ಕೈಗೆ ಬಂದ ಗ್ರಾಹಕಿ ಮಾತ್ರ ಯಾವ ಬ್ಯಾಂಕಿಗೂ ದೂರು ಕೊಡಲಾರಳು. ಹೆಸರು ಮಾಡಬೇಕಾದ ಹೊಸ ಅಂಗಡಿಯನ್ನು ಅವಳು ಏಕೆ ನಂಬಬೇಕು?

ಕ್ರಿಪ್ಟೊ ಕುರಿತ ರಿಸರ್ವ್ ಬ್ಯಾಂಕಿನ ನಿರ್ಬಂಧದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರಲ್ಲಿ ರದ್ದುಪಡಿಸಿದ್ದು ನಿಜ. ಅದರಿಂದ ಬಿಟ್‌ಕಾಯಿನ್ ಕಾನೂನುಬದ್ಧ ಚಲಾವಣೆಯ ಹಣವಾಗಲಿಲ್ಲ. ಅಂಗಡಿಯವರು ಲೇಖನವನ್ನು ನಂಬುವ ಮೊದಲು ತಮ್ಮ ಲೆಕ್ಕಪರಿಶೋಧಕರನ್ನು ದಯವಿಟ್ಟು ಕೇಳಲಿ.